ಮನೆಯಲ್ಲೇ ನೈಟ್ರಾಕ್ಸ್ ತುಂಬಿಕೊಳ್ಳಬಹುದಾ? ಬೆಳಗಾವಿಯ ಡೈವರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ವಯಸ್ಸು 41. ಸ್ಕೂಬಾದಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದ್ದೇನೆ. ಸೀಸನ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪಕ್ಕೆ, ಕೆಲವೊಮ್ಮೆ ಗೋವಾಕ್ಕೆ ಹೋಗುತ್ತೇನೆ. ಭಾನುವಾರ ಬೆಳಗ್ಗೆ ಎರಡು ಡೈವ್ ಮಾಡಿ, ಊಟ ಮುಗಿಸಿ ಕಾರು ಹತ್ತಿದರೆ ರಾತ್ರಿಗೆ ಮನೆ. ಸೋಮವಾರ ಪೂರ್ತಿ ಮೈ ಸುಸ್ತು. ಹೋದ ಸಲ ಎಡಭುಜ ಒಂದು ದಿನ ನೋಯುತ್ತಿತ್ತು. ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿರುವ ಗಾಳಿ) ಬಳಸಿದರೆ ಸುಸ್ತಾಗಲ್ಲ, ಗಾಳಿ ಜಾಸ್ತಿ ಹೊತ್ತು ಬರುತ್ತೆ, ಇನ್ನೂ ಆಳಕ್ಕೆ ಹೋಗಬಹುದು ಎಂದು ಗೆಳೆಯರು ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಅಲ್ಯುಮಿನಿಯಂ ಸಿಲಿಂಡರ್ ಸಿಕ್ಕಿವೆ. ಹಳೆಯ ಡೈವಿಂಗ್ ಕಂಪ್ರೆಸರ್ ಒಂದನ್ನು ನೋಡಿಟ್ಟಿದ್ದೇನೆ. ಗ್ಯಾಸ್ ಕಟಿಂಗ್‌ನ ಆಕ್ಸಿಜನ್ ಸಿಲಿಂಡರ್ ವರ್ಕ್‌ಶಾಪ್‌ನಲ್ಲಿ ಹೇಗೂ ಇರುತ್ತದೆ. ಕೊರೊನಾ ಸಮಯದಲ್ಲಿ ಅಪ್ಪನಿಗೆ ತಂದ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಡ ಮನೆಯಲ್ಲಿ ಸುಮ್ನೆ ಬಿದ್ದಿದೆ. ಇವನ್ನೇ ಬಳಸಿ ಶೇ 32ರ ನೈಟ್ರಾಕ್ಸ್ ಮಾಡಿಕೊಳ್ಳಬಹುದಾ? ಇಂಡಸ್ಟ್ರಿಯಲ್ ಆಕ್ಸಿಜನ್ ಉಸಿರಾಡಲು ನಡೆಯುತ್ತಾ? ಗೇಜ್ ನೋಡಿ ಲೆಕ್ಕ ಹಾಕಿದರೆ ಸಾಲದಾ, ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಅನಲೈಸರ್ ಬೇಕೇ ಬೇಕಾ? ಸಿಲಿಂಡರ್ ಸಿಡಿಯುತ್ತದೆ ಎಂದು ಮನೆಯವರು ಹೆದರಿದ್ದಾರೆ.

ಉತ್ತರ: ನಮಸ್ಕಾರ. ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವ ಸಾಮಾನಿನಿಂದ ಮನೆಯಲ್ಲಿ ನೈಟ್ರಾಕ್ಸ್ ಮಾಡಬೇಡಿ. ಅದು ಯಾರಿಂದಲೂ ಆಗದ ಕೆಲಸ ಅಂತಲ್ಲ. ತರಬೇತಿ ಪಡೆದು, ಸರಿಯಾದ ಉಪಕರಣ ಇಟ್ಟುಕೊಂಡು ಇದನ್ನು ಸುರಕ್ಷಿತವಾಗಿ ಮಾಡುವವರು ಬಹಳ ಜನ ಇದ್ದಾರೆ. ಹೈ ಪ್ರೆಶರ್ ಗ್ಯಾಸ್ ಮತ್ತು ಬ್ರೀದಿಂಗ್ ಏರ್ ಕಂಪ್ರೆಸರ್‌ಗಳ ಕೆಲಸವೇ ನನ್ನ ಹೊಟ್ಟೆಪಾಡು. ನೈಟ್ರಾಕ್ಸ್ ಬೆರೆಸುವುದೂ ಅದರಲ್ಲಿ ಸೇರಿದೆ. ಹಾಗಾಗಿ ಯಾವ ದಾರಿಯಲ್ಲಿ ಏನು ಅಪಾಯ ಎಂದು ಒಂದೊಂದಾಗಿ ಹೇಳುತ್ತೇನೆ. ಆದರೆ ನೀವು ಡೈವ್ ಮಾಡುವ ಜಾಗಗಳಲ್ಲಿ ನೈಟ್ರಾಕ್ಸ್‌ನಿಂದ ಸಿಗುವ ಲಾಭ ತೀರಾ ಕಡಿಮೆ. ನಿಮ್ಮ ನಿಜವಾದ ತೊಂದರೆ ಬೇರೆ ಕಡೆ ಇದೆ ಎಂದು ನನಗೆ ಅನಿಸುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಭುಜದ ನೋವು, ಘಾಟ್ ರಸ್ತೆ

ನೀರಿನಡಿ ಒತ್ತಡ ಹೆಚ್ಚಿದಂತೆ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಸೇರುತ್ತದೆ. ಮೇಲೆ ಬಂದ ನಂತರ ಅದು ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಬೀಳುತ್ತದೆ. ಆ ಹೊತ್ತಿನಲ್ಲೇ ಹೊರಗಿನ ಗಾಳಿಯ ಒತ್ತಡ ಇನ್ನೂ ಕಡಿಮೆಯಾದರೆ ಮೈಯೊಳಗೆ ಗುಳ್ಳೆ ಏಳುವ ಸಾಧ್ಯತೆ ಜಾಸ್ತಿ. ಡೈವ್ ಮಾಡಿದ ದಿನ ವಿಮಾನ ಹತ್ತಬೇಡಿ ಎಂದು ಕೋರ್ಸ್‌ನಲ್ಲಿ ಹೇಳಿರುತ್ತಾರೆ. ಕಾರಿನಲ್ಲಿ ಘಾಟ್ ಹತ್ತುವ ಬಗ್ಗೆ ಅಷ್ಟು ಒತ್ತಿ ಹೇಳುವವರು ಕಡಿಮೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮುರುಡೇಶ್ವರದಲ್ಲಿ ಊಟ ಮಾಡಿ ಹೊರಟರೆ ಅಂಕೋಲಾ ದಾಟಿದ ಮೇಲೆ ಅರಬೈಲ್ ಘಾಟ್. ಅಲ್ಲಿಂದ ಯಲ್ಲಾಪುರ, ಹುಬ್ಬಳ್ಳಿ, ಧಾರವಾಡ, ಕಿತ್ತೂರು ಅಂತ ಮನೆ ಮುಟ್ಟುವವರೆಗೂ ನೀವು ಎತ್ತರದಲ್ಲೇ ಇರುತ್ತೀರಿ. ಗೋವಾದಿಂದ ಚೋರ್ಲಾ ಘಾಟ್ ಹಿಡಿದರಂತೂ ಇನ್ನೂ ಬೇಗ ಮೇಲೇರುತ್ತೀರಿ. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಒಪ್ಪಿರುವ ಸಲಹೆ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾದು ವಿಮಾನ ಹತ್ತಿ. ಈ ಸಲಹೆ 2,000ರಿಂದ 8,000 ಅಡಿ ಎತ್ತರಕ್ಕೆ ಸಮನಾದ ಕ್ಯಾಬಿನ್ ಒತ್ತಡಕ್ಕೆ ಹೇಳಿದ್ದು. ಬೆಳಗಾವಿಯ 750 ಮೀಟರ್ ಅಂದರೆ ಸುಮಾರು 2,460 ಅಡಿ. ನಿಮ್ಮ ಮನೆಯೇ ಆ ಲೆಕ್ಕದೊಳಗೆ ಬರುತ್ತದೆ, ಅಲ್ವಾ?

ಅಮೆರಿಕದ ನೌಕಾಪಡೆಯ ಟೇಬಲ್‌ನಲ್ಲಿ ಎತ್ತರ ಎಷ್ಟು, ಯಾವ ಡೈವ್ ಎಂಬುದರ ಮೇಲೆ ಕಾಯುವ ಸಮಯ ನಿಗದಿಯಾಗುತ್ತದೆ. ಇಷ್ಟು ಎತ್ತರಕ್ಕೆ ಅದು 18 ಗಂಟೆಗಿಂತ ಬಹಳ ಕಡಿಮೆ ಬರಬಹುದು. ಹಾಗಾಗಿ ನಿಮಗೆ ಆಗಿದ್ದು ಆ ಗುಳ್ಳೆಗಳಿಂದ ಬರುವ ಡಿಕಂಪ್ರೆಶನ್ ಕಾಯಿಲೆಯೇ ಎಂದು ನಾನು ಹೇಳುತ್ತಿಲ್ಲ. ಸಿಲಿಂಡರ್ ಎತ್ತಿದ್ದಕ್ಕೂ ಭುಜ ನೋಯಬಹುದು. ಬೋಟಿನ ಕುಲುಕಾಟ, ಬಿಸಿಲು, ನೀರು ಕಡಿಮೆ ಕುಡಿದದ್ದು, ಆಮೇಲೆ ಉದ್ದದ ಡ್ರೈವಿಂಗ್, ಇಷ್ಟೇ ಸಾಕು ಸೋಮವಾರ ಸುಸ್ತಾಗಲು. ಆದರೆ ಡೈವ್ ಆಗಿ, ಘಾಟ್ ಹತ್ತಿ, ಆಮೇಲೆ ಕೀಲು ನೋಯ್ದರೆ ಅದನ್ನು ಉಳುಕು ಅಂದುಕೊಂಡು ಮುಲಾಮು ಹಚ್ಚಿ ಮಲಗಬೇಡಿ. ಮತ್ತೆ ಹಾಗಾದರೆ ಅದೇ ದಿನ ಡಾಕ್ಟರ್ ಬಳಿ ಹೋಗಿ. ಡೈವ್ ಮಾಡಿದ್ದು, ಎತ್ತರಕ್ಕೆ ಬಂದಿದ್ದು ಎರಡನ್ನೂ ನೀವೇ ಬಾಯಿಬಿಟ್ಟು ಹೇಳಿ. ಈ ಕಾಯಿಲೆಗೆ ಮೊದಲ ಚಿಕಿತ್ಸೆ ಶುದ್ಧ ಆಕ್ಸಿಜನ್ ಕೊಡುವುದು. ಅದು ಯಾವ ದೊಡ್ಡ ಆಸ್ಪತ್ರೆಯಲ್ಲೂ ಸಿಗುತ್ತದೆ. ಸಮುದ್ರ ಇಲ್ಲದ ಊರಿನ ಡಾಕ್ಟರ್‌ಗೆ ಆ ಯೋಚನೆ ಹೊಳೆಯಬೇಕು, ಅಷ್ಟೇ.

ಪರಿಹಾರ ಸರಳ. ಭಾನುವಾರದ ಬದಲು ಶನಿವಾರ ಡೈವ್ ಮಾಡಿ, ರಾತ್ರಿ ಕರಾವಳಿಯಲ್ಲೇ ಉಳಿದುಕೊಳ್ಳಿ. ಮಧ್ಯಾಹ್ನ 12ಕ್ಕೆ ಕೊನೆಯ ಡೈವ್ ಮುಗಿದರೆ ಮರುದಿನ ಬೆಳಗ್ಗೆ 6ಕ್ಕೆ 18 ಗಂಟೆ ಆಯಿತು. ತಿಂಡಿ ತಿಂದು ಹೊರಡಿ. ಒಂದು ರಾತ್ರಿಯ ರೂಮಿನ ಬಾಡಿಗೆಗೆ ಆಗುವ ಈ ಕೆಲಸ ಲಕ್ಷಗಟ್ಟಲೆ ಸಾಮಾನಿನಿಂದ ಆಗುವುದಿಲ್ಲ. ನೈಟ್ರಾಕ್ಸ್ ಉಸಿರಾಡಿದರೂ ಕಾಯುವ ನಿಯಮ ಬದಲಾಗುವುದಿಲ್ಲ.

ನೇತ್ರಾಣಿಯಲ್ಲಿ ಮೊದಲು ಮುಗಿಯುವುದು ಯಾವುದು?

ನೈಟ್ರಾಕ್ಸ್ ಅಂದರೆ ಆಕ್ಸಿಜನ್ ಜಾಸ್ತಿ, ನೈಟ್ರೋಜನ್ ಕಡಿಮೆ ಇರುವ ಗಾಳಿ. ಸಾಮಾನ್ಯ ಗಾಳಿಯಲ್ಲಿ ಆಕ್ಸಿಜನ್ ಶೇ 20.9. ಹೆಚ್ಚಾಗಿ ಬಳಸುವ ನೈಟ್ರಾಕ್ಸ್‌ನಲ್ಲಿ ಶೇ 32 ಅಥವಾ ಶೇ 36. ನೈಟ್ರೋಜನ್ ಕಡಿಮೆ ಸೇರುವುದರಿಂದ ಡಿಕಂಪ್ರೆಶನ್ ಇಲ್ಲದೆ, ಅಂದರೆ ಮೇಲೆ ಬರುವಾಗ ನಡುವೆ ನಿಂತು ಕಾಯುವ ಅಗತ್ಯ ಬೀಳದೆ, ನೀರಿನಡಿ ಇರಬಹುದಾದ ಸಮಯ ಹೆಚ್ಚುತ್ತದೆ. ಅದರ ಮುಖ್ಯ ಲಾಭ ಇದೊಂದೇ.

ಈಗ ನಿಮ್ಮದೇ ಡೈವ್ ತೆಗೆದುಕೊಳ್ಳಿ. 18 ಮೀಟರ್ ಆಳ ಅಂದುಕೊಳ್ಳೋಣ. ಮನರಂಜನೆಯ ಡೈವರ್‌ಗಳು ಹೆಚ್ಚು ಬಳಸುವ, ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಟೇಬಲ್‌ನಲ್ಲಿ ಸಾಮಾನ್ಯ ಗಾಳಿಗೆ 18 ಮೀಟರ್‌ನಲ್ಲಿ 56 ನಿಮಿಷ ಇದೆ. ಶೇ 32ರ ನೈಟ್ರಾಕ್ಸ್‌ಗೆ 95 ನಿಮಿಷ. ನೋಡಿದರೆ ದೊಡ್ಡ ಲಾಭ ಅನಿಸುತ್ತದೆ. ಆದರೆ ಸಿಲಿಂಡರ್ ಕಡೆ ನೋಡಿ. 12 ಲೀಟರ್ ಸಿಲಿಂಡರ್, ಒತ್ತಡ 200 ಬಾರ್ (ಸಮುದ್ರಮಟ್ಟದ ಗಾಳಿಯ ಒತ್ತಡ ಸುಮಾರು 1 ಬಾರ್). ಒಟ್ಟು 2,400 ಲೀಟರ್ ಗಾಳಿ. 50 ಬಾರ್ ರಿಸರ್ವ್ ಬಿಟ್ಟರೆ ಬಳಸಲು ಸಿಗುವುದು 1,800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 18 ಲೀಟರ್ ಉಸಿರಾಡುವವರಿಗೆ 18 ಮೀಟರ್ ಆಳದಲ್ಲಿ 2.8 ಪಟ್ಟು ಬೇಕು (ಪ್ರತಿ 10 ಮೀಟರ್‌ಗೆ ಒತ್ತಡ 1 ಬಾರ್ ಏರುತ್ತದೆ), ಅಂದರೆ ಸುಮಾರು 50 ಲೀಟರ್. 36 ನಿಮಿಷಕ್ಕೆ ಗಾಳಿ ಮುಗಿಯಿತು. 56 ನಿಮಿಷದ ಮಿತಿಯನ್ನೇ ನೀವು ಮುಟ್ಟುವುದಿಲ್ಲ, ಇನ್ನು 95 ನಿಮಿಷ ತೆಗೆದುಕೊಂಡು ಮಾಡುವುದೇನು?

ಎರಡನೇ ಡೈವ್‌ನಲ್ಲಿ, ದಿನಕ್ಕೆ ಮೂರು ನಾಲ್ಕು ಡೈವ್ ಮಾಡುವ ಟ್ರಿಪ್‌ನಲ್ಲಿ, 25–30 ಮೀಟರ್ ಆಳದಲ್ಲಿ ನೈಟ್ರಾಕ್ಸ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನೇತ್ರಾಣಿಯಲ್ಲಿ, ಗೋವಾದ ಗ್ರಾಂಡೆ ದ್ವೀಪದ ಸುತ್ತ ನೀವು ಮಾಡುವಂಥ ಡೈವ್‌ಗೆ ಅದರಿಂದ ಹೇಳಿಕೊಳ್ಳುವಂಥದ್ದು ಏನೂ ಸಿಗುವುದಿಲ್ಲ.

ಗೆಳೆಯರು ಹೇಳಿದ ಮೂರು ಮಾತು

ಗಾಳಿ ಜಾಸ್ತಿ ಹೊತ್ತು ಬರುತ್ತದೆ ಎನ್ನುವುದು ತಪ್ಪು. ಒಂದು ಉಸಿರಿಗೆ ಎಳೆದುಕೊಳ್ಳುವ ಪ್ರಮಾಣ ಅಷ್ಟೇ ಇರುತ್ತದೆ. ಸಿಲಿಂಡರ್ ಅಷ್ಟೇ ಬೇಗ ಖಾಲಿಯಾಗುತ್ತದೆ.

ಸುಸ್ತಾಗಲ್ಲ ಎಂಬುದು ಸಾಬೀತಾಗಿಲ್ಲ. ಯಾವುದು ಗಾಳಿ, ಯಾವುದು ನೈಟ್ರಾಕ್ಸ್ ಎಂದು ಡೈವರ್‌ಗೆ ಹೇಳದೆ ಪರೀಕ್ಷೆ ಮಾಡಿದಾಗ ಸುಸ್ತಿನಲ್ಲಿ ವ್ಯತ್ಯಾಸ ಕಾಣದೇ ಹೋದದ್ದಿದೆ. ಕೆಲವರಿಗೆ ಹಗುರ ಅನಿಸುತ್ತದೆ, ಅದನ್ನು ನಾನು ಸುಳ್ಳು ಅನ್ನುವುದಿಲ್ಲ. ಆದರೆ ಅದನ್ನು ನೆಚ್ಚಿಕೊಂಡು ದುಡ್ಡು ಹಾಕಬೇಡಿ.

ಇನ್ನೂ ಆಳಕ್ಕೆ ಹೋಗಬಹುದು ಎಂಬ ಮೂರನೇ ಮಾತು ಪ್ರಾಣ ತೆಗೆಯುವಂಥದ್ದು. ವಿಷಯ ಪೂರ್ತಿ ಉಲ್ಟಾ. ಒತ್ತಡದಲ್ಲಿ ಆಕ್ಸಿಜನ್ ಮೆದುಳಿಗೆ ವಿಷವಾಗುತ್ತದೆ ಎಂದು ಫ್ರಾನ್ಸ್‌ನ ಪಾಲ್ ಬರ್ಟ್ 1878ರಲ್ಲೇ ತೋರಿಸಿದ್ದರು. ಆಕ್ಸಿಜನ್ನಿನ ಪಾಲಿನ ಒತ್ತಡ (ಒಟ್ಟು ಒತ್ತಡದಲ್ಲಿ ಆಕ್ಸಿಜನ್ನಿನ ಭಾಗ) 1.4 ಬಾರ್ ದಾಟಬಾರದು ಎಂಬುದು ಇವತ್ತಿನ ಸಾಮಾನ್ಯ ನಿಯಮ. 1.6 ಅಂದರೆ ಕಟ್ಟಕಡೆಯ ಗೆರೆ. ಲೆಕ್ಕ ಸುಲಭ. 1.4ನ್ನು 0.32ರಿಂದ ಭಾಗಿಸಿ, 1 ಕಳೆದು, 10ರಿಂದ ಗುಣಿಸಿ. ಸುಮಾರು 33 ಮೀಟರ್ ಬರುತ್ತದೆ. ಶೇ 36ಕ್ಕೆ ಸುಮಾರು 28 ಮೀಟರ್. ಸಾಮಾನ್ಯ ಗಾಳಿಗೆ ಅದೇ ಲೆಕ್ಕ 56 ಮೀಟರ್ ಕೊಡುತ್ತದೆ. ಆಕ್ಸಿಜನ್ ಹೆಚ್ಚಿಸಿದಷ್ಟೂ ಹೋಗಬಹುದಾದ ಆಳ ಕಡಿಮೆಯಾಗುತ್ತದೆ.

ಆ ಗೆರೆ ದಾಟಿದರೆ ಫಿಟ್ಸ್ ಬರಬಹುದು. ಕೆಲವರಿಗೆ ಮೊದಲು ತುಟಿ ಅದುರುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಕಣ್ಣಿನ ಅಂಚು ಮಸುಕಾಗುತ್ತದೆ. ಎಷ್ಟೋ ಸಲ ಯಾವ ಸೂಚನೆಯೂ ಇರುವುದಿಲ್ಲ. ದಡದಲ್ಲಿ ಫಿಟ್ಸ್ ಬಂದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ನೀರಿನಡಿ ಬಾಯಿಂದ ರೆಗ್ಯುಲೇಟರ್ ಜಾರುತ್ತದೆ, ಮುಂದಿನ ಉಸಿರಿಗೆ ನೀರು ಒಳಗೆ ಹೋಗುತ್ತದೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕೆನೆತ್ ಡೊನಾಲ್ಡ್ ಇದರ ಮೇಲೆ ಬಹಳ ಪ್ರಯೋಗ ಮಾಡಿದರು. ಅದೇ ಡೈವರ್ ಒಂದು ದಿನ ತಡೆದುಕೊಂಡ ಪ್ರಮಾಣವನ್ನು ಇನ್ನೊಂದು ದಿನ ತಡೆದುಕೊಳ್ಳಲಿಲ್ಲ ಎಂಬುದು ಅವರಿಗೆ ಕಂಡ ದೊಡ್ಡ ಸಂಗತಿ. ಹೋದ ಸಲ ಏನೂ ಆಗಲಿಲ್ಲ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆ ಇಲ್ಲ.

ಮನೆಯವರ ಭಯ ಎಷ್ಟು ಸರಿ?

ಸಿಲಿಂಡರ್ ತನ್ನಷ್ಟಕ್ಕೆ ಸಿಡಿಯುವುದು ಅಪರೂಪ. ಭಯಪಡಬೇಕಾದ್ದು ಬೆಂಕಿಗೆ. ಆಕ್ಸಿಜನ್ ತಾನು ಉರಿಯುವುದಿಲ್ಲ, ಬೇರೆಯದನ್ನು ಉರಿಸುತ್ತದೆ. ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡ ಎಂದು ಗ್ಯಾಸ್ ಕಟಿಂಗ್‌ಗೆ ಬರುವ ಹೊಸ ಹುಡುಗನಿಗೆ ನೀವೇ ಹೇಳಿರುತ್ತೀರಿ. ಆ ಮಾತಿನ ಹಿಂದಿನ ಕಾರಣವೇ ಇಲ್ಲಿಯೂ ಇದೆ, ಇನ್ನೂ ಜೋರಾಗಿ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಥಟ್ಟನೆ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆಕ್ಸಿಜನ್ ಸಿಲಿಂಡರ್‌ನ ವಾಲ್ವ್ ಥಟ್ಟನೆ ತೆರೆದಾಗ ಹೋಸ್‌ನ ಇನ್ನೊಂದು ತುದಿಯಲ್ಲಿ ಇದೇ ಆಗುತ್ತದೆ. ಅಲ್ಲಿ ಮೊದಲೇ ಇದ್ದ ಅನಿಲ ಕ್ಷಣದಲ್ಲಿ 1 ಬಾರ್‌ನಿಂದ 150 ಬಾರ್‌ಗೆ ಒತ್ತಲ್ಪಡುತ್ತದೆ. ಬಿಸಿ ಹೊರಹೋಗಲು ಸಮಯವೇ ಸಿಗದಿದ್ದರೆ ಲೆಕ್ಕದ ಪ್ರಕಾರ ಅದರ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ತುದಿಯಲ್ಲಿ ಒಂದು ರಬ್ಬರ್ ಓ-ರಿಂಗ್ ಇದೆ, ಅದಕ್ಕೆ ಹಿಂದಿನ ಮಾಲೀಕ ಹಚ್ಚಿದ ಸಿಲಿಕೋನ್ ಗ್ರೀಸ್ ಇದೆ, ಪಕ್ಕದಲ್ಲಿ ಥ್ರೆಡ್‌ನಿಂದ ಎದ್ದ ಅಲ್ಯುಮಿನಿಯಂ ಚೂರು ಇದೆ ಅಂದುಕೊಳ್ಳಿ. ಗ್ರೀಸ್ ಹೊತ್ತಿದರೆ ರಿಂಗ್ ಉರಿಯುತ್ತದೆ. ರಿಂಗ್ ಉರಿದರೆ ಶುದ್ಧ ಆಕ್ಸಿಜನ್‌ನಲ್ಲಿ ಲೋಹವೂ ಉರಿಯುತ್ತದೆ. ವಾಲ್ವ್ ಹಿಡಿದಿರುವ ಕೈ ಅಲ್ಲೇ ಇರುತ್ತದೆ.

ಅದಕ್ಕೇ ಆಕ್ಸಿಜನ್ ಕೆಲಸದಲ್ಲಿ ಕಾಲು ಸುತ್ತಿಗೆ ತೆರೆಯುವ ಬಾಲ್ ವಾಲ್ವ್ ಬಳಸುವುದಿಲ್ಲ. ನಿಧಾನ ತೆರೆಯುವ ನೀಡಲ್ ವಾಲ್ವ್ ಬೇಕು. ಆಕ್ಸಿಜನ್ ನಿಮಿಷಕ್ಕೆ 5 ಬಾರ್ ಆಚೀಚೆ, ಅಷ್ಟೇ ನಿಧಾನವಾಗಿ ಹರಿಯಬೇಕು. ಓ-ರಿಂಗ್‌ಗಳು ವೈಟಾನ್‌ನಂಥ ಆಕ್ಸಿಜನ್‌ಗೆ ಹೊಂದುವ ವಸ್ತುವಿನವು. ಗ್ರೀಸ್ ಕೂಡ ಆಕ್ಸಿಜನ್‌ಗೆ ಹೊಂದುವ ಕ್ರೈಟಾಕ್ಸ್, ಕ್ರಿಸ್ಟೋಲ್ಯೂಬ್‌ನಂಥದ್ದು. ಸಿಲಿಂಡರ್ ಮತ್ತು ವಾಲ್ವ್ ಪೂರ್ತಿ ಬಿಚ್ಚಿ ತೊಳೆದಿರಬೇಕು.

ತೊಳೆದದ್ದು ಸಾಕೇ ಎಂದು ನೋಡುವ ಒಂದು ವಿಧಾನ ಹೇಳುತ್ತೇನೆ, ನಿಮಗೆ ಕೆಲಸದ ಸೂಕ್ಷ್ಮ ಗೊತ್ತಾಗುತ್ತದೆ. ತೊಳೆದ ಲೋಹದ ಮೇಲೆ ಶುದ್ಧ ನೀರು ಬಿಡಬೇಕು. ನೀರು ತೆಳುವಾಗಿ ಒಂದೇ ಸಮ ಹರಡಿ ನಿಂತರೆ ಸರಿ. ಅಲ್ಲಲ್ಲಿ ಒಡೆದು ಹನಿಹನಿಯಾಗಿ ಕೂತರೆ ಅಲ್ಲಿ ಇನ್ನೂ ಎಣ್ಣೆಯ ಪದರ ಇದೆ. ಕಣ್ಣಿಗೆ ಫಳಫಳ ಕಾಣುವ ವಾಲ್ವ್ ಬಾಡಿಯ ಮೇಲೂ ನೀರು ಹೀಗೆ ಒಡೆಯುತ್ತದೆ. ಬೆರಳು ಮುಟ್ಟಿದ ಗುರುತಿಗೂ ಒಡೆಯುತ್ತದೆ. ಈಗ ನಿಮ್ಮ ವರ್ಕ್‌ಶಾಪ್ ನೆನಪಿಸಿಕೊಳ್ಳಿ. ಕಟಿಂಗ್ ಆಯಿಲ್, ಗ್ರೈಂಡಿಂಗ್ ಧೂಳು, ಎಣ್ಣೆ ಬಟ್ಟೆ, ಪಕ್ಕದಲ್ಲೇ ವೆಲ್ಡಿಂಗ್ ಕಿಡಿ. ಆ ಶೆಡ್‌ನಲ್ಲಿ ಈ ಕೆಲಸ ಮಾಡುವ ಮಾತೇ ಬೇಡ. ಮನೆಯಲ್ಲಂತೂ ಇನ್ನೂ ಬೇಡ.

ಕೊನೆಗೆ ಬರುವುದು ಶೇ 32 ತಾನೇ, ಶೇ 40ರ ಒಳಗೆ ಇದ್ದರೆ ಸಾಮಾನ್ಯ ಉಪಕರಣ ನಡೆಯುತ್ತದಂತಲ್ಲ ಎಂದು ನೀವು ಕೇಳಬಹುದು. ಆ ರೂಢಿ ಇರುವುದು ಮೊದಲೇ ಬೆರೆತ ನೈಟ್ರಾಕ್ಸ್‌ಗೆ. ಖಾಲಿ ಸಿಲಿಂಡರ್‌ಗೆ ಮೊದಲು ಶುದ್ಧ ಆಕ್ಸಿಜನ್ ಬಿಟ್ಟು ಮೇಲೆ ಗಾಳಿ ತುಂಬುವ ವಿಧಾನದಲ್ಲಿ ಸಿಲಿಂಡರ್ ಸ್ವಲ್ಪ ಹೊತ್ತು ಶೇ 100ರ ಹತ್ತಿರವೇ ಇರುತ್ತದೆ. ಆಗ ಕೊನೆಯ ಸಂಖ್ಯೆ ನಿಮ್ಮನ್ನು ಕಾಪಾಡುವುದಿಲ್ಲ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಒಮ್ಮೆ ಶುಚಿ ಮಾಡಿದ ಸಿಲಿಂಡರ್‌ಗೆ ಸಾಮಾನ್ಯ ಕಂಪ್ರೆಸರ್‌ನ ಗಾಳಿ ತುಂಬಿದರೆ ಎಣ್ಣೆಯ ಅಂಶ ಮತ್ತೆ ಒಳಗೆ ಕೂರುತ್ತದೆ. ಉಸಿರಾಟದ ಗಾಳಿಯ ಯುರೋಪಿನ ಮಾನದಂಡ ಘನ ಮೀಟರ್‌ಗೆ 0.5 ಮಿಲಿಗ್ರಾಂ ಎಣ್ಣೆಯವರೆಗೆ ಒಪ್ಪುತ್ತದೆ. ಆಕ್ಸಿಜನ್ ಜೊತೆ ಬೆರೆಸುವ ಗಾಳಿಗೆ 0.1 ಮಾತ್ರ. ಅದಕ್ಕೆ ಬೇರೆಯೇ ಫಿಲ್ಟರ್ ಬೇಕು.

ಗೇಜ್ ಲೆಕ್ಕ ಯಾಕೆ ಸಾಲದು

ಕಾಗದದ ಮೇಲೆ ಲೆಕ್ಕ ಚೆಂದ. 200 ಬಾರ್‌ನಲ್ಲಿ ಶೇ 32 ಬೇಕು ಅಂದರೆ ಖಾಲಿ ಸಿಲಿಂಡರ್‌ಗೆ 28 ಬಾರ್ ಆಕ್ಸಿಜನ್, ಉಳಿದದ್ದು ಗಾಳಿ. ಈಗ ನಿಮ್ಮ ಗೇಜ್ ನೋಡಿ. 300 ಬಾರ್‌ನ ಡಯಲ್, ಕ್ಲಾಸ್ 1.6 ಎಂದು ಬರೆದಿದ್ದರೆ ಅದರ ಅನುಮತಿಸಿದ ತಪ್ಪು ಪೂರ್ತಿ ಡಯಲ್‌ನ ಶೇ 1.6. ಅಂದರೆ 4.8 ಬಾರ್. ಹೊಸ ಗೇಜ್ ಕೂಡ 28 ತೋರಿಸುವಾಗ ಒಳಗೆ 33 ಇರಬಹುದು. ಕೊನೆಗೆ ಸಿಗುವುದು ಶೇ 34ರ ಆಸುಪಾಸು.

ಇನ್ನು ಬಿಸಿ. ತುಂಬುವಾಗ ಸಿಲಿಂಡರ್ ಕಾಯುತ್ತದೆ. ಬಿಸಿಯಲ್ಲಿ 200 ತೋರಿಸಿದ್ದು ತಣ್ಣಗಾದ ಮೇಲೆ 180ಕ್ಕೆ ಇಳಿಯಿತು ಅಂದುಕೊಳ್ಳಿ. ನೀವು ಅಂದುಕೊಂಡಷ್ಟು ಗಾಳಿ ಒಳಗೆ ಹೋಗಿಲ್ಲ. ಈ ಎರಡೂ ತಪ್ಪು ಸೇರಿದರೆ ಶೇ 35 ದಾಟುತ್ತದೆ. ಸಿಲಿಂಡರ್ ಮೇಲೆ 33 ಮೀಟರ್ ಎಂದು ಬರೆದಿರುತ್ತೀರಿ, ನಿಜವಾದ ಮಿತಿ 30ಕ್ಕಿಂತ ಕಡಿಮೆ. ಆಕ್ಸಿಜನ್ ಬಿಟ್ಟು, ಗಾಳಿ ತುಂಬುವ ಮೊದಲು ಫೋನ್ ಬಂದು ಎದ್ದು ಹೋದರೆ? ಆ ಅರೆತುಂಬಿದ ಸಿಲಿಂಡರ್ ಇನ್ನೊಬ್ಬರ ಕೈಗೆ ಸಿಕ್ಕರೆ? ಶುದ್ಧ ಆಕ್ಸಿಜನ್ 6 ಮೀಟರ್‌ನಲ್ಲೇ 1.6 ಬಾರ್ ಮುಟ್ಟುತ್ತದೆ.

ಹಾಗಾಗಿ ಅನಲೈಸರ್ ಬೇಕೇ ಬೇಕು. ಗಾಳಿ ತುಂಬಿದವರು ಒಮ್ಮೆ, ಡೈವ್ ಮಾಡುವವರು ಇನ್ನೊಮ್ಮೆ ಅಳೆದು, ಸಿಲಿಂಡರ್ ಮೇಲೆ ಶೇಕಡಾ, ಆಳ, ದಿನಾಂಕ ಬರೆಯಬೇಕು. ಅದಕ್ಕೂ ಬೆಳಗಾವಿಯವರು ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಯಂತ್ರದ ಸೆನ್ಸರ್ ಅಳೆಯುವುದು ಆಕ್ಸಿಜನ್ನಿನ ಒತ್ತಡವನ್ನು. ಶೇಕಡಾವನ್ನು ಅದು ಅದರಿಂದ ಲೆಕ್ಕ ಹಾಕಿ ತೋರಿಸುತ್ತದೆ. ನಿಮ್ಮ ಊರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 8–9 ಕಡಿಮೆ. ಮುರುಡೇಶ್ವರದಲ್ಲಿ 20.9ಕ್ಕೆ ಹೊಂದಿಸಿದ ಯಂತ್ರವನ್ನು ಹಾಗೇ ತಂದು ಬೆಳಗಾವಿಯಲ್ಲಿ ಅಳೆದರೆ ಶೇ 32 ಇರುವುದು 29 ಎಂದು ತೋರಿಸುತ್ತದೆ. ಆಕ್ಸಿಜನ್ ಕಡಿಮೆಯಾಯಿತು ಎಂದು ನೀವು ಇನ್ನಷ್ಟು ಸೇರಿಸುತ್ತೀರಿ. ಅಳೆಯುವ ಜಾಗದಲ್ಲೇ, ಅಳೆಯುವ ಸ್ವಲ್ಪ ಮೊದಲು ಹೊರಗಿನ ಗಾಳಿಗೆ ಹೊಂದಿಸಿಕೊಳ್ಳಬೇಕು. ಸೆನ್ಸರ್‌ಗೆ ಆಯಸ್ಸೂ ಇದೆ. ಬಳಸಿದರೂ ಬಳಸದಿದ್ದರೂ ಕೆಲವು ವರ್ಷಕ್ಕೆ ಸಾಯುತ್ತದೆ.

ಕಾನ್ಸಂಟ್ರೇಟರ್, ಇಂಡಸ್ಟ್ರಿಯಲ್ ಆಕ್ಸಿಜನ್, ಕಂಪ್ರೆಸರ್

ಮನೆಯ ಕಾನ್ಸಂಟ್ರೇಟರ್ ನಿಮಿಷಕ್ಕೆ 5 ಲೀಟರ್ ಕೊಡುತ್ತದೆ, ಬಹಳ ಕಡಿಮೆ ಒತ್ತಡದಲ್ಲಿ. ಸಿಲಿಂಡರ್ ಒಳಗೆ ಅದನ್ನು ನೇರವಾಗಿ ತುಂಬಲು ಆಗುವುದೇ ಇಲ್ಲ. ಕಂಪ್ರೆಸರ್ ಗಾಳಿ ಎಳೆಯುವ ಬಾಯಿಗೆ ಅದನ್ನು ಬಿಡುವವರಿದ್ದಾರೆ. ನಿಮ್ಮ 12 ಲೀಟರ್ ಸಿಲಿಂಡರ್‌ಗೆ ಸುಮಾರು 340 ಲೀಟರ್ ಆಕ್ಸಿಜನ್ ಬೇಕು, ಅಂದರೆ ಒಂದು ಗಂಟೆಗೂ ಹೆಚ್ಚು. ಕಂಪ್ರೆಸರ್ ಅಷ್ಟು ನಿಧಾನ ಓಡುವುದಿಲ್ಲ. ಅದರಿಂದ ಬರುವ ಆಕ್ಸಿಜನ್ ಶೇ 90ರಿಂದ 95, ಉಳಿದದ್ದರಲ್ಲಿ ಆರ್ಗಾನ್ ಹೆಚ್ಚು. ಹಳೆಯದಾದರೆ ಶುದ್ಧತೆ ಇನ್ನೂ ಇಳಿಯುತ್ತದೆ. ಅದನ್ನು ಸರ್ವಿಸ್ ಮಾಡಿಸಿ, ಬೇಕಾದ ರೋಗಿಗಳಿಗೆ ಕೊಡಿ.

ಇಂಡಸ್ಟ್ರಿಯಲ್ ಮತ್ತು ಮೆಡಿಕಲ್ ಆಕ್ಸಿಜನ್ ಬೇರೆ ಬೇರೆ ಅನಿಲ ಅಲ್ಲ. ಎಷ್ಟೋ ಸಲ ಒಂದೇ ಟ್ಯಾಂಕರ್‌ನ ದ್ರವ ಆಕ್ಸಿಜನ್‌ನಿಂದಲೇ ಎರಡನ್ನೂ ತುಂಬುತ್ತಾರೆ. 2021ರಲ್ಲಿ ಉಕ್ಕಿನ ಕಾರ್ಖಾನೆಗಳ ಆಕ್ಸಿಜನ್ ಆಸ್ಪತ್ರೆಗೆ ಹೋದದ್ದು ನೀವೂ ನೋಡಿದ್ದೀರಿ. ವ್ಯತ್ಯಾಸ ಇರುವುದು ಸಿಲಿಂಡರ್‌ನ ಚರಿತ್ರೆಯಲ್ಲಿ. ಪೂರ್ತಿ ಕಪ್ಪು ಬಣ್ಣದ ಕಟಿಂಗ್ ಸಿಲಿಂಡರ್ ಯಾವ ಶೆಡ್‌ನಲ್ಲಿತ್ತು, ಖಾಲಿಯಾದ ಮೇಲೆ ವಾಲ್ವ್ ತೆರೆದಿಟ್ಟಿದ್ದರಾ, ಒಳಗೆ ಏನು ಸೇರಿದೆ ಎಂದು ಯಾರೂ ದಾಖಲೆ ಇಟ್ಟಿರುವುದಿಲ್ಲ. ಭುಜದ ಭಾಗ ಬಿಳಿ ಇರುವ ಮೆಡಿಕಲ್ ಸಿಲಿಂಡರ್‌ಗೆ ಪರೀಕ್ಷೆ, ದಾಖಲೆ ಎರಡೂ ಇರಬೇಕು. ಉಸಿರಾಡಲು ನಾನು ಅದನ್ನು ಮಾತ್ರ ಒಪ್ಪುತ್ತೇನೆ.

ಕಂಪ್ರೆಸರ್ ಬಗ್ಗೆ ನನಗೆ ಹೆಚ್ಚು ಆತಂಕ. ಉದ್ಯಮಬಾಗ್ ಅಂದರೆ ಫೌಂಡ್ರಿಗಳ ಜಾಗ. ಕೋಕ್ ಉರಿಸುವ ಕ್ಯುಪೋಲಾ ಕುಲುಮೆಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಕರೆಂಟ್ ಹೋದಾಗ ಓಡುವ ಡೀಸೆಲ್ ಜನರೇಟರ್‌ನಿಂದಲೂ ಬರುತ್ತದೆ. ಕಂಪ್ರೆಸರ್ ಅತಿಯಾಗಿ ಕಾದರೆ ಅದರದೇ ಎಣ್ಣೆ ಸುಟ್ಟು ಬರುತ್ತದೆ. ಉಸಿರಾಟದ ಗಾಳಿಯಲ್ಲಿ ಇದು ಹತ್ತು ಲಕ್ಷಕ್ಕೆ 5 ಭಾಗ ದಾಟಬಾರದು. ಇದಕ್ಕೆ ವಾಸನೆ ಇಲ್ಲ. ಆಳಕ್ಕೆ ಹೋದಂತೆ ಒತ್ತಡದ ಜೊತೆ ಇದರ ಪರಿಣಾಮವೂ ಏರುತ್ತದೆ. ಶೆಡ್‌ನಲ್ಲಿ ತಲೆನೋವೂ ಬರದ ಗಾಳಿ 20 ಮೀಟರ್‌ನಲ್ಲಿ ಪ್ರಜ್ಞೆ ತಪ್ಪಿಸಬಹುದು. ನೈಟ್ರಾಕ್ಸ್ ಬಿಟ್ಟು ಬರೀ ಗಾಳಿ ತುಂಬುವುದಾದರೂ ಆ ಜಾಗದಲ್ಲಿ ಬೇಡ.

ಉಳಿದ ದಾರಿಗಳು

ನನ್ನ ಮೊದಲ ಸಲಹೆ: ನೇತ್ರಾಣಿ, ಗೋವಾದಲ್ಲಿ ಸಾಮಾನ್ಯ ಗಾಳಿಯಲ್ಲೇ ಡೈವ್ ಮಾಡಿ. ನೈಟ್ರಾಕ್ಸ್ ಬಳಸುವವರ ಕೋರ್ಸ್ ಮಾಡಿಕೊಳ್ಳಿ. ಅದು ಚಿಕ್ಕ ಕೋರ್ಸ್. ಅಂಡಮಾನ್‌ನಂಥ ಕಡೆ ದಿನಕ್ಕೆ ಹಲವು ಡೈವ್ ಮಾಡುವಾಗ ನೈಟ್ರಾಕ್ಸ್ ಇಟ್ಟಿರುವ ಸೆಂಟರ್‌ನಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ, ನಿಮ್ಮ ಕೈಯಾರೆ ಅಳೆದು ನೋಡಿ.

ಬೆರೆಸುವ ಕೆಲಸದಲ್ಲೇ ಆಸಕ್ತಿ ಇದೆ ಅಂದರೆ ನಾನು ತಡೆಯುವುದಿಲ್ಲ. ನಿಮ್ಮಂಥ ಕೆಲಸಗಾರರು ಕಲಿತರೆ ಚೆನ್ನಾಗಿಯೇ ಮಾಡುತ್ತಾರೆ. ಗ್ಯಾಸ್ ಬ್ಲೆಂಡರ್ ಕೋರ್ಸ್ ಬೇರೆಯೇ ಇದೆ, ಅದನ್ನು ಮಾಡಿ. ಮೂರು ವಿಧಾನಗಳಲ್ಲಿ ಮೆಂಬ್ರೇನ್ ವಿಧಾನ ನನಗೆ ಇಷ್ಟ. ಟೊಳ್ಳು ನಾರುಗಳ ಕಟ್ಟಿನ ಮೂಲಕ ಗಾಳಿ ಹಾಯಿಸಿ ನೈಟ್ರೋಜನ್‌ನ ಒಂದು ಪಾಲನ್ನು ತೆಗೆದುಹಾಕುತ್ತಾರೆ. ಶುದ್ಧ ಆಕ್ಸಿಜನ್ ಎಲ್ಲೂ ಬೇಡ, ಮಿತಿ ಶೇ 40ರ ಒಳಗೇ. ದುಬಾರಿ, ಒಬ್ಬರಿಗೆ ಹೊರೆ. ಎರಡನೆಯದು ಕಂಪ್ರೆಸರ್‌ನ ಬಾಯಿಗೆ ಮಿಕ್ಸಿಂಗ್ ಟ್ಯೂಬ್ ಮೂಲಕ ಆಕ್ಸಿಜನ್ ಬಿಡುತ್ತಾ ಹೋಗುವುದು. ಸಿಲಿಂಡರ್‌ಗೆ ಶುದ್ಧ ಆಕ್ಸಿಜನ್ ಹೋಗುವುದಿಲ್ಲ, ಆದರೆ ಸರಿಯಾಗಿ ಬೆರೆಯದೆ ಆಕ್ಸಿಜನ್ ಜಾಸ್ತಿ ಇರುವ ಗಾಳಿ ಎಣ್ಣೆ ಇರುವ ಕಂಪ್ರೆಸರ್ ಹೊಕ್ಕರೆ ಕಂಪ್ರೆಸರ್ ಒಳಗೇ ಸ್ಫೋಟ. ಕಂಪ್ರೆಸರ್ ಕಂಪನಿ ಎಷ್ಟು ಶೇಕಡಾವರೆಗೆ ಒಪ್ಪುತ್ತದೆ ಎಂದು ಮೊದಲು ನೋಡಬೇಕು, ಅನಲೈಸರ್ ಕಣ್ಣೆದುರೇ ಓಡುತ್ತಿರಬೇಕು. ಮೂರನೆಯದು ಮೇಲೆ ಹೇಳಿದ ಗೇಜ್ ಲೆಕ್ಕದ ವಿಧಾನ. ಸಾಮಾನು ಅಗ್ಗ, ಶಿಸ್ತು ಅತಿ ದುಬಾರಿ.

ಕಾನೂನನ್ನೂ ಮರೆಯಬೇಡಿ. ಗ್ಯಾಸ್ ಸಿಲಿಂಡರ್ಸ್ ರೂಲ್ಸ್, 2016ರ ಪ್ರಕಾರ ಸಿಲಿಂಡರ್‌ಗೆ ಒತ್ತಡದ ಅನಿಲ ತುಂಬಲು ಸ್ಫೋಟಕ, ಒತ್ತಡದ ಅನಿಲಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಪೆಸೊ ಸಂಸ್ಥೆಯ ಲೈಸೆನ್ಸ್ ಬೇಕು. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ. ಒಂದು ಅನಿಲದ ಸಿಲಿಂಡರ್‌ಗೆ ಇನ್ನೊಂದನ್ನು ತುಂಬುವುದಕ್ಕೂ ನಿಯಮ ಇದೆ. ಮನೆಯಲ್ಲಿ ಮಾಡಿದ ಕೆಲಸದಲ್ಲಿ ಅವಘಡವಾದರೆ ವಿಮೆಯೂ ಕೈಹಿಡಿಯದೇ ಹೋಗಬಹುದು.

ಇನ್ನು ಆ ಎರಡು ಸಿಲಿಂಡರ್. ಯಾವ ಗಾಳಿಯನ್ನೂ ತುಂಬುವ ಮೊದಲು ಕುತ್ತಿಗೆಯ ಹತ್ತಿರ ಗುದ್ದಿರುವ ಅಕ್ಷರಗಳನ್ನು ಓದಿ. ತಯಾರಾದ ವರ್ಷ, ಕೊನೆಯ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ದಿನಾಂಕ, ಕೆಲಸದ ಒತ್ತಡ ಅಲ್ಲಿರುತ್ತದೆ. 1980ರ ದಶಕದ ಕೊನೆಯವರೆಗೆ ಕೆಲವು ಕಂಪನಿಗಳು 6351 ಎಂಬ ಅಲ್ಯುಮಿನಿಯಂ ಮಿಶ್ರಲೋಹ ಬಳಸುತ್ತಿದ್ದವು. ಅದರ ಸಿಲಿಂಡರ್‌ಗಳ ಕುತ್ತಿಗೆಯಲ್ಲಿ ಕಾಲಕ್ರಮೇಣ ಬಿರುಕು ಬಿಟ್ಟು, ಕೆಲವು ಸಿಡಿದೂ ಇವೆ. ಆಮೇಲೆ 6061ಕ್ಕೆ ಬದಲಾಯಿಸಿದರು. ನಿಮ್ಮವು ಹಳೆಯ ಕಾಲದವಾದರೆ ಸುಮ್ನೆ ಗುಜರಿಗೆ ಹಾಕಿ. ಹಾಗೆ ಹಾಕುವ ಮೊದಲು ವಾಲ್ವ್ ತೆರೆದು ಪೂರ್ತಿ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಮತ್ತೆ ಯಾರೂ ಬಳಸದಂತೆ ಸಿಲಿಂಡರ್ ಕೊಯ್ಯಿಸಿ. ಹೊಸ ಕಾಲದವಾದರೆ ಹೈಡ್ರೋ ಟೆಸ್ಟ್ ಮಾಡಿಸಿ, ಸಾಮಾನ್ಯ ಗಾಳಿಗೆ ಬಳಸಿ. ಅಕ್ಷರಗಳು ಅರ್ಥವಾಗದಿದ್ದರೆ ಕುತ್ತಿಗೆಯ ಸುತ್ತಲೂ ಬರುವಂತೆ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅವನ್ನು ತುಂಬಿಸಬೇಡಿ.